ಅರ್ಧ ಗುಳಿಗೆ

ನನ್ನ ಬಾಯಿ ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಬಾಯಿ ಜೋರಿದ್ದವರ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಅದು ಒಳ್ಳೆಯದೇ. ಆದರೆ ಆ ವರ್ಷದ ಶ್ರಾವಣದಲ್ಲಿ ಹನ್ನೆರಡು ದಿನ ನಾನು ಒಂದೇ ಒಂದು ಮಾತು ಮುಚ್ಚಿಟ್ಟೆ. ಅಷ್ಟಕ್ಕೇ ನನ್ನ ಸೊಸೆ ಅಂಬವ್ವ ಕೈಬಿಟ್ಟು ಹೋಗುವುದರಲ್ಲಿದ್ದಳು. ತಪ್ಪು ನನ್ನದು, ಹೇಳುವವಳೂ ನಾನೇ. ನಡುವೆ ಯಾರೂ ಬಾಯಿ ಹಾಕಬೇಡಿ.

ನನ್ನ ಹೆಸರು ಗುರುಲಿಂಗಮ್ಮ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಕಾಲುವೆ ದಾಟಿದರೆ ನಮ್ಮ ಊರು. ನಮ್ಮದು ಕುರಿಯವರ ಮನೆ. ನಾನು ಮದುವೆಯಾಗಿ ಬಂದಾಗ ಇಲ್ಲಿ ಜೋಳ, ತೊಗರಿ, ಕುರಿ, ಅಷ್ಟೇ. ಆಮೇಲೆ ಕಾಲುವೆ ಬಂತು. ಅದರ ಹಿಂದೆ ಭತ್ತ ಬಂತು, ಸೊಳ್ಳೆ ಬಂತು, ಹೊಲವಿದ್ದವರ ಮನೆಗೆ ಮೋಟರ್ ಸೈಕಲ್ ಬಂತು. ನಮಗೆ ಬಂದದ್ದು ಜಂತು! ಕಾಲುವೆ ಬದಿಯ ಒದ್ದೆ ಹುಲ್ಲು ಮೇದ ಕುರಿಗಳ ಹೊಟ್ಟೆಯಲ್ಲಿ ಹುಳ ತುಂಬಿಕೊಂಡು, ಗಂಟಲ ಕೆಳಗೆ ಬಾವು ಇಳಿಯುತ್ತಿತ್ತು. ಅದಕ್ಕೇ ಮಳೆಗಾಲ ಬಂತೆಂದರೆ ನನ್ನ ಗಂಡನೂ ಮಗ ಹುಲಗಪ್ಪನೂ ಹಿಂಡು ಹೊಡೆದುಕೊಂಡು ಭೀಮೆ ದಾಟಿ ಸೈದಾಪುರದ ಕಡೆಯ ಒಣ ಬೀಳಿಗೆ ಹೋಗಿಬಿಡುತ್ತಾರೆ. ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ಸೊಸೆ.

ಅಂಬವ್ವ ಹತ್ತಿಕುಣಿಯ ಹುಡುಗಿ. ಅವಳು ನಮ್ಮ ಮನೆಗೆ ಬಂದ ವರ್ಷವೇ ಒಂದು ಕೇಡು ಆಯಿತು. ಜಂತಿಗೆಂದು ಸಂತೆಯಿಂದ ದಪ್ಪ ಬಿಳಿ ಗುಳಿಗೆ ತಂದೆವು. ಯಾರನ್ನೂ ಕೇಳಲಿಲ್ಲ. ಅರೆದು ಮಜ್ಜಿಗೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಒಂದೊಂದೇ ಕುರಿಯ ಬಾಯಿ ಅಗಲಿಸಿ ಇಡೀ ಹಿಂಡಿಗೆ ಕುಡಿಸಿದೆವು. ಹೊಸದಾಗಿ ಗಬ್ಬ ನಿಂತ ಕುರಿಗಳೂ ಅದರಲ್ಲಿದ್ದವು. ಗೊಟ್ಟ ಕುಡಿದ ಮರುದಿನ ಅವು ಮೇವಿಗೆ ಬಾಯಿ ಹಾಕದೆ ಮಲಗಿದವು. ಮುಂದೆ ಹನ್ನೊಂದು ಕುರಿ ಕಂದು ಹಾಕಿದವು. ದಿನ ತುಂಬಿ ಹುಟ್ಟಿದ ನಾಲ್ಕು ಮರಿಗಳ ಕಾಲು ತಿರುಚಿಕೊಂಡಿದ್ದವು, ನಿಲ್ಲಲಾಗದೆ ಸತ್ತವು. ಪಶು ಡಾಕ್ಟರು ಬಂದು ನೋಡಿ, “ಗಬ್ಬ ನಿಂತ ಹೊಸದಾಗ ಈ ಗುಳಿಗಿ ಯಾರು ಕುಡಸಂದ್ರು ನಿಮಗ?” ಎಂದು ಬೈದು ಹೋದರು. ಅಂದಿನಿಂದ ನಮ್ಮ ಮನೆಯಲ್ಲೊಂದು ಕಟ್ಟಳೆ. ಗಬ್ಬದ ಕುರಿಯ ಬೆನ್ನಿಗೆ ಕೆಮ್ಮಣ್ಣು ಹಚ್ಚುತ್ತೇವೆ. ಕೆಮ್ಮಣ್ಣು ಕಂಡರೆ ಗೊಟ್ಟ ಕೆಳಗಿಡಬೇಕು.

ಅದಾಗಿ ಐದು ವರ್ಷ ಅಂಬವ್ವನಿಗೆ ಬಸಿರು ನಿಲ್ಲಲಿಲ್ಲ. ಬೋರಿನ ಹತ್ತಿರ ಒಬ್ಬಳು ಅವಳಿಗೆ ಕೇಳುವಂತೆ “ಬಂಜಿ” ಎಂದಾಗ ನಾನು ಆ ಹೆಂಗಸಿನ ಕೊಡಕ್ಕೆ ಕಲ್ಲು ಬೀಸಿದ್ದೆ. ಪ್ಲಾಸ್ಟಿಕ್ ಕೊಡ, ಒಡೆಯಲಿಲ್ಲ. ಆದರೆ ಆ ಮಾತು ಅಲ್ಲಿಗೇ ನಿಂತಿತು. ಆರನೆಯ ವರ್ಷದ ಕಾರಹುಣ್ಣಿಮೆಯ ಹೊತ್ತಿಗೆ ಅಂಬವ್ವ ಮುಟ್ಟು ನಿಂತಿದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಒಳಗೆ ಹೋಗಿ ಒಂದು ಹಿಡಿ ಸಕ್ಕರೆ ತಂದು ಅವಳ ಬಾಯಿಗೆ ತುರುಕಿದೆ. ಆಮೇಲೆ ಕಣ್ಣೀರು ಬಂತು, ಒಲೆಯ ಹೊಗೆ ಎಂದೆ. ಒಲೆ ಹೊತ್ತಿಸಿರಲೇ ಇಲ್ಲ.

ಎರಡನೆಯ ತಿಂಗಳಿಗೆ ವಾಂತಿ ಹತ್ತಿತು. ಬಸಿರೆಂದರೆ ವಾಂತಿ ಇದ್ದದ್ದೇ, ನಾವೇನು ಕಾಣದವರೇ? ಹುಲಗಪ್ಪ ಹೊಟ್ಟೆಯಲ್ಲಿದ್ದಾಗ ನಾನು ಬೆಳಿಗ್ಗೆ ಹಿತ್ತಲಲ್ಲಿ ವಾಂತಿ ಮಾಡಿ ಮಧ್ಯಾಹ್ನ ತೊಗರಿ ಹೊಲದಲ್ಲಿ ಕಳೆ ತೆಗೆದವಳು. ಇವಳದು ಹಾಗಲ್ಲ. ಒಗ್ಗರಣೆ ವಾಸನೆ ಆಗದು, ಭತ್ತಕ್ಕೆ ಹೊಡೆದ ಹುಳದೆಣ್ಣೆಯ ವಾಸನೆ ಗಾಳಿಯಲ್ಲಿ ಬಂದರೆ ಆಗದು, ಕೊನೆಗೆ ತಂಬಿಗೆ ನೀರಿನ ವಾಸನೆಯೂ ಆಗದು ಎಂದಳು. “ನೀರಿಗೂ ವಾಸನಿ ಅದನ ಹುಡುಗಿ?” ಎಂದು ಬೈದೆ. ಬೈದ ಮೇಲೆ ನಾನೂ ಒಮ್ಮೆ ಮೂಸಿ ನೋಡಿದೆ.

ಒಂದು ಸೋಮವಾರ ಶಹಾಪುರದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಳೆಯ ಹೆಣ್ಣುಮಗಳು. ಜೊತೆಗೆ ಖುರ್ಷೀದಬೇಗಂ ಎಂಬ ಸಿಸ್ಟರು, ನನ್ನದೇ ವಯಸ್ಸು, ನನ್ನಂಥದೇ ಬಾಯಿ. ನೋಡಿದ ಕೂಡಲೇ ಇಬ್ಬರಿಗೂ ಆಗಲಿಲ್ಲ. ಡಾಕ್ಟರು ವಾಂತಿಗೆಂದು ಬೆಳ್ಳಿ ಹಾಳೆಯ ಎರಡು ಚೀಟು ಗುಳಿಗೆ ಕೊಟ್ಟು, “ಮಲಗೂ ಮುಂದ ಎರಡು” ಎಂದರು. ನನ್ನ ಬಾಯಿ ತುಂಬ ಎಲೆ ಇತ್ತು, ಉಗುಳಲು ಹೊರಗೆ ಹೋದೆ. ಬರುವಷ್ಟರಲ್ಲಿ ಸಿಸ್ಟರು ಏನೋ ಹೇಳಿ ಮುಗಿಸಿದ್ದರು. ಅಂಬವ್ವ ಮೂಲೆಯ ಬುಟ್ಟಿಗೆ ಬಾಗಿ ಓಕರಿಸುತ್ತಿದ್ದಳು. ಏನು ಹೇಳಿದರೆಂದು ಅವಳೂ ಕೇಳಿಸಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೊಮ್ಮೆ ಕೇಳಿದರೆ ಆ ಬೇಗಂ ಮುಂದೆ ಸಣ್ಣವಳಾಗುತ್ತೇನೆ ಎಂದು ನನಗೆ ಸೊಕ್ಕು.

ಆ ರಾತ್ರಿ ಎರಡು ಗುಳಿಗೆ ನುಂಗಿ ಮಲಗಿದಳು. ಬೆಳಿಗ್ಗೆ ಕೋಳಿ ಕೂಗಿತು, ಏಳಲಿಲ್ಲ. ಬಿಸಿಲು ಅಂಗಳಕ್ಕೆ ಬಂತು, ಏಳಲಿಲ್ಲ. ಐದು ವರ್ಷದಲ್ಲಿ ಒಂದು ದಿನವೂ ನನಗಿಂತ ತಡವಾಗಿ ಎದ್ದ ಹುಡುಗಿಯಲ್ಲ. ಭುಜ ಹಿಡಿದು ಅಲುಗಾಡಿಸಿದರೆ ಕಣ್ಣು ತೆರೆದು, “ಹ್ಞೂಂ ಅತ್ತಿ” ಎಂದು ಮತ್ತೆ ಮುಚ್ಚಿದಳು. ಗೊಟ್ಟ ಕುಡಿದು ಮಲಗಿದ ಕುರಿಗಳು ಕಣ್ಣ ಮುಂದೆ ಬಂದವು. ಅಂಬವ್ವನ ಬೆನ್ನಿಗೆ ಕೆಮ್ಮಣ್ಣು ಹಚ್ಚಿದ್ದನ್ನು ಮರೆತು ನಾನೇ ಬಾಯಿ ಅಗಲಿಸಿ ಕುಡಿಸಿದ ಹಾಗಾಯಿತು.

ಆ ಬೆಳಿಗ್ಗೆ ಅವಳು ಒಂದೇ ಸಲ ವಾಂತಿ ಮಾಡಿದ್ದಳು. ಮಧ್ಯಾಹ್ನ ಅರ್ಧ ರೊಟ್ಟಿ ಹೊಟ್ಟೆಯಲ್ಲಿ ನಿಂತಿತ್ತು. ಅದು ನನಗೆ ಕಾಣಲಿಲ್ಲ. ನಿದ್ದೆ ಮಾತ್ರ ಕಂಡಿತು. ಅಂಜಿದವರ ಕಣ್ಣು ಹೀಗೇ, ಬೇಕಾದ್ದನ್ನು ಬಿಟ್ಟು ಬೇಡದ್ದನ್ನೇ ನೋಡುತ್ತದೆ.

ಪಕ್ಕದ ಮನೆಯ ತಿಮ್ಮವ್ವ ಬಂದು ಇಣುಕಿದಳು. ಇಣುಕದಿದ್ದರೆ ಅವಳು ತಿಮ್ಮವ್ವ ಹೇಗಾಗುತ್ತಾಳೆ?

“ಬಸರಾಗ ಗುಳಿಗಿ ಕೊಟ್ಟೀಯೇನ ಗುರುಲಿಂಗಿ? ಹಾಲು ಕುಡದ ಮಕ್ಕಳ ಬದಕೂದು ಕಷ್ಟ, ವಿಷ ಕುಡದವು ಬದಕ್ತಾವೇನ? ನಿಮ್ಮ ಕುರಿ ಮರಿ ನೆನಪಿಲ್ಲೇನ ನಿನಗ?”

“ನಿನ್ನ ನಾಲಿಗಿಗಿ ಬೆಂಕಿ ಬೀಳಲಿ,” ಎಂದು ಅವಳನ್ನು ಓಡಿಸಿದೆ. ಮಾತನ್ನು ಓಡಿಸಲಾಗಲಿಲ್ಲ.

ಕೊಡದೆ ಬಿಟ್ಟರೆ ಹುಡುಗಿ ಒಣಗುತ್ತಾಳೆ. ಕೊಟ್ಟರೆ ಕೂಸು. ಇಡೀ ದಿನ ಇದೇ ತಿರುಗಣಿ. ಸಂಜೆಗೆ ನನ್ನ ಜಾಣತನ ಎದ್ದಿತು ನೋಡಿ. ಎರಡರ ಬದಲು ಒಂದು ಗುಳಿಗೆ ತೆಗೆದೆ. ಅದನ್ನೂ ಅಡಿಕೆ ಕತ್ತರಿಸುವ ಅಡಕತ್ತರಿಯಲ್ಲಿಟ್ಟು ಕಟ್ಟೆಂದು ಎರಡು ಹೋಳು ಮಾಡಿದೆ. ಒಂದು ಹೋಳನ್ನು ಒರಳ ಕಲ್ಲಿನ ಮೇಲೆ ಅರೆದು ಮಜ್ಜಿಗೆಯಲ್ಲಿ ಕದಡಿದೆ. ನಮ್ಮ ಮನೆಯಲ್ಲಿ ಕುರಿಗಾಗಲಿ ಕೂಸಿಗಾಗಲಿ ಗುಳಿಗೆ ಅರೆದು ಕುಡಿಸುವುದೇ ರೂಢಿ. ಹುಲಗಪ್ಪ ಜ್ವರದ ಗುಳಿಗೆ ಕುಡಿದು ಬೆಳೆದದ್ದೂ ಹೀಗೆಯೇ. ಉಳಿದ ಹೋಳು, ಉಳಿದ ಗುಳಿಗೆ ಎಲ್ಲವನ್ನೂ ನನ್ನ ಎಲೆ ಅಡಿಕೆಯ ಚಂಚಿಯೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿದೆ. ಡಾಕ್ಟರ ಮಾತೂ ಉಳಿಯಿತು, ಕೂಸಿನ ಹೆದರಿಕೆಯೂ ಅರ್ಧವಾಯಿತು ಎಂದುಕೊಂಡೆ.

“ಗುಳಿಗಿ ಅರದೀನಿ, ಕುಡಿ,” ಎಂದು ಲೋಟ ಕೊಟ್ಟೆ. ಎಷ್ಟು ಅರೆದೆ ಎಂದು ಹೇಳಲಿಲ್ಲ.

ಅಂಬವ್ವ ಲೋಟ ನೋಡಿದಳು, ನನ್ನ ಮುಖ ನೋಡಿದಳು. “ಇಲ್ಲೇ ಕುಡದ್ರ ಓಕರಿಕಿ ಬರ್ತದ್ರಿ ಅತ್ತಿ. ಹಿತ್ತಲದಾಗ ಗಾಳಿಗೆ ನಿಂತು ಕುಡೀತೀನ್ರಿ,” ಎಂದು ತೆಗೆದುಕೊಂಡು ಹೋದಳು. ಖಾಲಿ ಲೋಟ ತಂದು ತೊಳೆದಿಟ್ಟಳು.

ದಿನಾ ಹೀಗೇ ನಡೆಯಿತು. ವಾಂತಿ ಮತ್ತೆ ಏರಿತು. ಬೆಳಿಗ್ಗೆ ಐದು ಸಲ, ಆಮೇಲೆ ಎಂಟು, ಆಮೇಲೆ ಎಣಿಸುವುದು ಬಿಟ್ಟೆ. ಬರಿ ಹಳದಿ ನೀರು ಬರುತ್ತಿತ್ತು. ಹುಲಗಪ್ಪ ಸೈದಾಪುರದ ಕಡೆಯಿಂದ ಫೋನು ಮಾಡಿ, “ಯವ್ವ, ಗುಳಿಗಿ ತಗೊಳ್ಳಾಕತ್ತಾಳೇನ?” ಎಂದು ಕೇಳುತ್ತಿದ್ದ. “ತಗೊಳ್ಳಾಕತ್ತಾಳಪ್ಪ, ಫಿಕರ್ ಮಾಡಬ್ಯಾಡ,” ಎನ್ನುತ್ತಿದ್ದೆ. ಸುಳ್ಳಲ್ಲ ಎಂದು ನನ್ನನ್ನೇ ನಂಬಿಸಿಕೊಳ್ಳುತ್ತಿದ್ದೆ. ವಾರಕ್ಕೆ ದವಾಖಾನೆಗೆ ಮತ್ತೆ ಹೋಗಬೇಕಿತ್ತು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ತಳ್ಳಿದೆ. ಹೋದರೆ ಆ ಬೇಗಂ ಗುಳಿಗೆ ತೋರಿಸು ಎಂದರೆ ಏನು ತೋರಿಸಲಿ?

ಹನ್ನೆರಡನೆಯ ದಿನ ಅಂಬವ್ವ ಅಂಗಳದಲ್ಲಿ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಕುಸಿದಳು. ಎತ್ತಿ ಕೂರಿಸಿದರೆ ಕುರಿಮರಿಯಷ್ಟೂ ಭಾರವಿಲ್ಲ. ತುಟಿ ಒಡೆದಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನಿನ್ನೆಯಿಂದ ಒಂದೇ ಸಲ ಮೂತ್ರಕ್ಕೆ ಹೋಗಿದ್ದೇನೆ, ಚಹಾದ ಬಣ್ಣವಿತ್ತು ಎಂದಳು. ನಿನ್ನೆಯಿಂದ ನೀರೂ ನಿಂತಿಲ್ಲ ಎಂದಳು. ನಮ್ಮೂರ ಮಸ್ತಾನಸಾಬನ ಟಂಟಂ ಆಟೋ ರಸ್ತೆಯಲ್ಲಿ ನಿಂತಿತ್ತು, ಕೂಗಿದೆ. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಹಾಪುರ ಮುಟ್ಟುವವರೆಗೆ ಅವನಿಗೂ ಬೈದೆ, ರಸ್ತೆಯ ಗುಂಡಿಗೂ ಬೈದೆ. ನನಗೆ ನಾನು ಬೈದುಕೊಳ್ಳಲಿಲ್ಲ. ಅದಕ್ಕಿನ್ನೂ ಧೈರ್ಯ ಬಂದಿರಲಿಲ್ಲ.

ದವಾಖಾನೆಯಲ್ಲಿ ಕೂಡಲೇ ಮಂಚಕ್ಕೆ ಹಾಕಿ ಸಲಾಯಿನ್ ಏರಿಸಿದರು. ಮೂತ್ರ ಪರೀಕ್ಷೆ ಮಾಡಿದರು. ಡಾಕ್ಟರು ಬಂದು ಅಂಬವ್ವನ ಕೈ ಹಿಡಿದು ನಾಡಿ ನೋಡಿ, ನನ್ನ ಕಡೆ ತಿರುಗಿದರು.

“ಗುಳಿಗಿ ದಿನಾ ತಗೊಂಡಾಳೇನ್ರಿ ಅಮ್ಮ?”

“ಹೌದ್ರಿ. ದಿನಾ ಕೊಟ್ಟೀನ್ರಿ.”

“ಬರೋಬರ್ ಕೊಟ್ಟೀರಿ?”

“ಹೌದ್ರಿ.”

ಡಾಕ್ಟರು ನಿಟ್ಟುಸಿರು ಬಿಟ್ಟರು. “ಹನ್ನೆರಡು ದಿನ ತಗೊಂಡೂ ಹಿಂಗಾಗ್ಯದ ಅಂದ್ರ ಈ ಗುಳಿಗಿ ಈಕಿಗಿ ಹತ್ತಿಲ್ಲ. ಇದರ ಮ್ಯಾಲಿನ ಔಷಧ ಕೊಡಬೇಕಂದ್ರ ದೊಡ್ಡ ದವಾಖಾನಿನ ಬೇಕು. ಕಲಬುರಗಿಗಿ ಬರದು ಕೊಡ್ತೀನಿ.”

ಅಷ್ಟರಲ್ಲಿ ಅಂಬವ್ವ ಮಾತಾಡಿದಳು. ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

“ಕಲಬುರಗಿ ಬ್ಯಾಡ್ರಿ ಡಾಕ್ಟರ್. ತಗದು ಬಿಡ್ರಿ. ನನಗ ಸಾಕಾಗ್ಯದ.”

ಐದು ವರ್ಷ ಕಾದವಳು. ಒಂದು ಹಿಡಿ ಸಕ್ಕರೆ ತಿಂದು ನಕ್ಕವಳು. ಅವಳ ಬಾಯಲ್ಲಿ ಈ ಮಾತು! ಡಾಕ್ಟರು ಅವಳ ಹಣೆಯ ಮೇಲೆ ಕೈಯಿಟ್ಟರು. ಬೇಗಂ ಸಿಸ್ಟರು ಕಾಗದ ತರಲು ಹೋದರು. ನಾನು ಮಂಚದ ಕಾಲು ಹಿಡಿದು ನಿಂತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾನ ಹೋಗುತ್ತದೆ, ಮಗನ ಮುಂದೆ ತಲೆ ಎತ್ತಲಾಗುವುದಿಲ್ಲ, ತಿಮ್ಮವ್ವ ಊರಿಡೀ ಹೇಳಿಕೊಂಡು ಬರುತ್ತಾಳೆ. ಎಲ್ಲ ಗೊತ್ತಿತ್ತು. ಆದರೆ ಗುಳಿಗೆ ಹತ್ತಿಲ್ಲ ಎಂದು ಬರೆಯುವ ಕಾಗದ ಸುಳ್ಳು ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಸೊಂಟದಿಂದ ಚಂಚಿ ಎಳೆದು ಮಂಚದ ಮೇಲೆ ಸುರಿದೆ. ಅಡಿಕೆ, ಸುಣ್ಣದ ಡಬ್ಬಿ, ಒಣಗಿದ ಎಲೆ. ಅವುಗಳ ನಡುವೆ ಗುಳಿಗೆಯ ಚೀಟು, ಅಡಕತ್ತರಿಯಲ್ಲಿ ಕತ್ತರಿಸಿದ ಹೋಳು, ಪುಡಿ.

“ಬರೋಬರ್ ಕೊಟ್ಟಿಲ್ರಿ,” ಎಂದೆ. “ಮೊದಲನೇ ದಿನ ಎರಡು ಕೊಟ್ಟೆ. ಆಮ್ಯಾಲೆ ದಿನಾ ಅರ್ಧ. ಅರದು ಕೊಟ್ಟೆ. ನಾನಽ ಕಳ್ಳಿ ನೋಡ್ರಿ.”

ಬೇಗಂ ಸಿಸ್ಟರು ಬಾಗಿಲಲ್ಲೇ ನಿಂತು, “ಯಾ ಅಲ್ಲಾ!” ಎಂದರು. ಆಮೇಲೆ ಸುರು ಮಾಡಿದರು. “ಅಲ್ಲವ್ವ, ಅರೀಬ್ಯಾಡ, ಮುರೀಬ್ಯಾಡ, ಇಡೀದು ನುಂಗಸು, ನಿದ್ದಿ ಬರ್ತದ ಅಂಜಬ್ಯಾಡ ಅಂತ ನಾ ಹೇಳಿದ್ದು ಯಾರಿಗೆ? ಈ ಗ್ವಾಡಿಗೇನ? ಏನು ಕುರಿ ಅಂತ ತಿಳಿದೀಯೇನ ಸೊಸಿನ?”

“ಹೌದು, ಕುರಿ ಅಂತಾನೇ ತಿಳಿದೀನಿ!” ಎಂದು ನಾನೂ ಕೂಗಿದೆ. ಎಲ್ಲಿತ್ತೋ ಅಷ್ಟು ಸಿಟ್ಟು, ಅಳುವೂ ಅದರ ಹಿಂದೆಯೇ ಬಂತು. “ಕುರಿ ಅಂದ್ರ ಹಗುರ ತಿಳೀಬ್ಯಾಡ್ರಿ ಬೇಗಂ. ಹನ್ನೊಂದು ಕುರಿ ಕಂದು ಹಾಕ್ಯಾವ ಗುಳಿಗಿ ಕುಡದು. ನಾನಽ ಬಾಯಿ ಅಗಲಿಸಿ ಕುಡಿಸೀನಿ. ಕಾಲು ತಿರುವಿದ ಮರಿ ನೀವು ನೋಡೀರೇನು? ನಾ ನೋಡೀನಿ. ಈ ಹುಡುಗಿ ಅವು ಮಲಗಿದಂಗ ಮಲಗಿದ್ದಳು. ನಾ ಹ್ಯಾಂಗ ಕೊಡಲಿ ಎರಡು?”

ಬೇಗಂ ತಂದ ಕಾಗದವನ್ನು ಮೇಜಿನ ಮೇಲಿಟ್ಟರು. ಡಾಕ್ಟರು ಸ್ಟೂಲು ಎಳೆದು ನನ್ನನ್ನು ಕೂರಿಸಿ, ತಾವು ಮಂಚದ ತುದಿಗೆ ಕೂತರು. ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ.

“ಅಮ್ಮ, ಕುರಿಗಿ ಕೊಟ್ಟದ್ದು ಜಂತಿನ ಗುಳಿಗಿ ಅಲ್ಲೇನ್ರಿ?”

“ಹೌದ್ರಿ.”

“ಹಂಗಾರ ನೀವು ಅಂಜಿದ್ದು ಸುಳ್ಳಲ್ಲ. ಅಂಥಾ ಕೆಲವು ಗುಳಿಗಿ ಗಬ್ಬ ನಿಂತ ಹೊಸದಾಗ ಮರಿಗಿ ಕೇಡು ಮಾಡ್ತಾವ. ನಿಮ್ಮ ಪಶು ಡಾಕ್ಟರು ಹೇಳಿದ್ದು ಖರೆ. ಆದ್ರ ಇದು ಆ ಗುಳಿಗಿ ಅಲ್ರಿ. ಇದು ಬಸುರಿ ಹೆಂಗಸರ ವಾಂತಿಗೆ ಕೊಡೂದು. ವರ್ಷಾನುಗಟ್ಟಲೆ ಲಕ್ಷಗಟ್ಟಲೆ ಹೆಂಗಸರು ತಗೊಂಡಾರ, ಅವರ ಮಕ್ಕಳನ್ನೂ ತಪಾಸ ಮಾಡಿ ನೋಡ್ಯಾರ. ಇದರಿಂದ ಕೂಸಿಗಿ ಊನ ಆಗಿದ್ದು ಕಂಡಿಲ್ಲ. ನಿದ್ದಿ ತರ್ತದ, ಅದು ಇದರ ಗುಣ. ಅವತ್ತು ಈಕಿ ಎಚ್ಚರ ತಪ್ಪಿರಲಿಲ್ಲ, ನಿದ್ದಿ ಮಾಡಿದ್ದಳು.”

“ಮತ್ತ ಅರ್ಧ ಯಾಕ ಹತ್ತಲಿಲ್ರಿ?”

ಬೇಗಂ ಸಿಸ್ಟರು ಚೀಟಿನಿಂದ ಒಂದು ಗುಳಿಗೆ ಒಡೆದು ನನ್ನ ಅಂಗೈ ಮೇಲಿಟ್ಟರು. ಈಗ ಅವರ ದನಿ ಇಳಿದಿತ್ತು. “ಇದರ ಮ್ಯಾಲೆ ಒಂದು ಪದರ ಅದ ನೋಡವ್ವ. ಜೋಳದ ಮ್ಯಾಲಿನ ಸಿಪ್ಪಿಯಂಗ. ಅದು ಹೊಟ್ಟ್ಯಾಗ ಹೋಗಿ ಸಾವಕಾಶ ಕರಗಬೇಕು. ರಾತ್ರಿ ನುಂಗಿದ್ದು ಬೆಳಗ ಮುಂಜಾನಿ ಕೆಲಸ ಮಾಡಬೇಕು. ಅದಕ್ಕ ಮಲಗೂ ಮುಂದ ಕೊಡೂದು. ನೀ ಅರದು ಪದರ ಹರದಿ. ಎರಡು ಕೊಡೂದರಾಗ ಅರ್ಧ ಕೊಟ್ಟಿ. ಹತ್ತೂದು ಎಲ್ಲಿಂದ?”

“ಇಲ್ಲಿ ಕೇಡು ಮಾಡಾಕತ್ತಿದ್ದು ಗುಳಿಗಿ ಅಲ್ಲ, ವಾಂತಿ,” ಎಂದರು ಡಾಕ್ಟರು. “ಮೈಯಾಗಿನ ನೀರು ಆರಿಸ್ಯದ. ಬಸುರಿಗೆ ಎಲ್ಲ ಗುಳಿಗಿನೂ ಆಗಂಗಿಲ್ಲ, ಅದಕ್ಕ ಕೇಳಿ ಕೊಡಬೇಕು. ಕೇಳದ ಕೊಡೂದೂ ತಪ್ಪು. ಅಂಜಿಕಿ ಬಂದ್ರ ಕೇಳದ ಬಿಡೂದೂ ತಪ್ಪು. ನನಗೊಂದು ಫೋನ್ ಮಾಡಿದ್ರ ಆಗ್ತಿತ್ತು.”

ಆಗ ನನಗೆ ಬಂದದ್ದು ನಾಚಿಕೆಯೂ ಅಲ್ಲ, ದುಃಖವೂ ಅಲ್ಲ. ನನ್ನ ಹೆದರಿಕೆ ಹುಚ್ಚಲ್ಲ ಎಂದು ಓದಿದವಳೊಬ್ಬಳು ಹೇಳಿದ್ದಳು. ಅದು ಸಾಕಾಯಿತು. ಎದೆಯ ಮೇಲಿನ ಬಂಡೆಯನ್ನು ಯಾರೋ ಒಂದು ಮಗ್ಗುಲಿಗೆ ಸರಿಸಿದಂತಾಯಿತು. ಪೂರಾ ಸರಿಸಿರಲಿಲ್ಲ. ಅಂಬವ್ವ ಇನ್ನೂ ಗೋಡೆ ನೋಡುತ್ತಿದ್ದಳು.

ಅವಳನ್ನು ಸ್ಕ್ಯಾನಿಗೆ ಕರೆದೊಯ್ದರು. ನನ್ನನ್ನೂ ಒಳಗೆ ಕರೆದರು. ಕತ್ತಲ ಪರದೆಯ ಮೇಲೆ ಹುರುಳಿ ಕಾಳಿನಂಥದೊಂದು ಬೆಳ್ಳಗೆ ಕಂಡಿತು. ಅದರ ನಡುವೆ ಏನೋ ಮಿಣಮಿಣ ಬಡಿಯುತ್ತಿತ್ತು. “ಕೂಸಿನ ಎದಿ,” ಎಂದರು ಡಾಕ್ಟರು. “ಗಟ್ಟಿ ಅದ. ಸದ್ಯ ತಾಯಿನ ಗಟ್ಟಿ ಮಾಡೂಣು. ಅಂಬವ್ವ, ಎರಡು ದಿನ ನನಗ ಕೊಡು. ಆಮ್ಯಾಲೂ ಸಾಕಾತು ಅಂದ್ರ ಕೂತು ಮಾತಾಡೂಣು, ನಿನ್ನ ಮಾತು ನಾ ತಳ್ಳಿ ಹಾಕಂಗಿಲ್ಲ.”

ಅಂಬವ್ವ ಆ ಮಿಣಮಿಣವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹ್ಞೂಂ ಎಂದು ತಲೆಯಾಡಿಸಿದಳು.

ಕಲಬುರಗಿಯ ಕಾಗದ ಮೇಜಿನ ಖಾನೆಯೊಳಗೆ ಹೋಯಿತು. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಹೊರಗೆ ಬರುತ್ತದೆ ಎಂದರು. ಸಲಾಯಿನ್ ಒಳಗೇ ವಾಂತಿ ನಿಲ್ಲುವ ಸೂಜಿ, ಶಕ್ತಿಯ ಸೂಜಿ ಹಾಕಿದರು. ಮಲಗುವ ಹೊತ್ತಿಗೆ ಬೇಗಂ ಸಿಸ್ಟರು ತಾವೇ ಬಂದು, ಎರಡು ಇಡೀ ಗುಳಿಗೆಯನ್ನು ಒಂದಾದ ಮೇಲೊಂದು ಅಂಬವ್ವನ ನಾಲಿಗೆಯ ಮೇಲಿಟ್ಟು, ನೀರು ಕೊಟ್ಟು, ಇಳಿಯಿತೇ ಎಂದು ಕೇಳಿ ಹೋದರು. ಬೆಳಿಗ್ಗೆ ಬಿಸಿಲು ಬಂದರೂ ಹುಡುಗಿ ಏಳಲಿಲ್ಲ. ನಾನು ಎಬ್ಬಿಸಲಿಲ್ಲ. ಕೈ ಮೂಗಿನ ಹತ್ತಿರ ಹಿಡಿದು ಉಸಿರು ನೋಡಿದೆ, ಅಷ್ಟೇ. ಮೂರು ಸಲ ನೋಡಿದೆ ಅನ್ನಿ.

ಆ ದಿನ ಎರಡು ಸಲ ವಾಂತಿ. ಮರುದಿನ ಒಂದು. ಮೂರನೆಯ ಬೆಳಿಗ್ಗೆ ಎದ್ದವಳು ಸ್ವಲ್ಪ ಹೊತ್ತು ಛಾವಣಿ ನೋಡುತ್ತ ಮಲಗಿದಳು. ಆಮೇಲೆ ಹೇಳಿದಳು.

“ಅತ್ತಿ, ಖಡಕ್ ರೊಟ್ಟಿ ಸಿಗ್ತಾವೇನ್ರಿ? ಪುಂಡಿಪಲ್ಯ ಇದ್ರ ಇನ್ನೂ ಚಲೋ.”

ಚಪ್ಪಲಿಯೂ ಹಾಕದೆ ಹೊರಗೆ ಓಡಿದೆ. ಬಸ್ ನಿಲ್ದಾಣದ ಹತ್ತಿರ ರೊಟ್ಟಿ ಮಾರುವ ಮೋನಮ್ಮನ ಮುಂದೆ ನಿಂತು, “ಜಲ್ದಿ ಕೊಡವ್ವ, ನಮ್ಮಕಿಗೆ ಹಸಿವಿ ಆಗ್ಯದ!” ಎಂದು ಕೂಗಿದೆ. ಸುತ್ತ ಇದ್ದವರು ನನ್ನನ್ನು ಮೇಲೆ ಕೆಳಗೆ ನೋಡಿದರು. ಹಸಿವೆ ಎಂಬುದು ಎಷ್ಟು ದೊಡ್ಡ ಸುದ್ದಿ ಎಂದು ಅವರಿಗೇನು ಗೊತ್ತು?

ಅಂಬವ್ವ ರೊಟ್ಟಿಯ ಚೂರು ಮುರಿದು, ಪಲ್ಯದ ಮೇಲೆ ಆಡಿಸಿ ಬಾಯಿಗಿಟ್ಟಳು. ನಾನೂ ಬೇಗಂ ಸಿಸ್ಟರೂ ಮಂಚದ ಎರಡೂ ಬದಿಗೆ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದೆವು. ಒಂದು ತಾಸು ಕಳೆಯಿತು. ಬುಟ್ಟಿ ಬೇಕಾಗಲಿಲ್ಲ. ಬೇಗಂ ನನ್ನ ಕಡೆ ನೋಡಿ, “ನಿನ್ನ ಚಂಚ್ಯಾಗ ಒಂದು ಎಲಿ ಉಳದಿದ್ರ ಕೊಡವ್ವ, ನನಗೂ ಬಾಯಿ ಒಣಗ್ಯದ,” ಎಂದರು. ಅಂದಿನಿಂದ ನಾವಿಬ್ಬರೂ ಗೆಳತಿಯರು. ಬೈದಾಡುವುದು ಮಾತ್ರ ಬಿಟ್ಟಿಲ್ಲ.

ಬಿಡುಗಡೆಯ ದಿನ ಡಾಕ್ಟರು ಹೇಳಿದ್ದನ್ನು ಈ ಸಲ ಎಲೆ ಉಗುಳಿ ಬಂದು ಕೂತು ಕೇಳಿದೆ. ದಿನಾ ಮಲಗುವಾಗ ಎರಡು, ಇಡಿಯಾಗಿ, ನೀರಿನ ಜೊತೆ. ಏಳುವ ಮೊದಲು ಹಾಸಿಗೆಯಲ್ಲೇ ಒಂದು ಚೂರು ಖಡಕ್ ರೊಟ್ಟಿ. ಒಮ್ಮೆಗೇ ಹೊಟ್ಟೆ ತುಂಬ ಬೇಡ, ಸ್ವಲ್ಪ ಸ್ವಲ್ಪ. ಕಿರಾಣಿ ಅಂಗಡಿಯ ಶೀತದ ಗುಳಿಗೆ, ನೋವಿನ ಗುಳಿಗೆ, ಯಾವುದನ್ನೂ ಕೇಳದೆ ತೆಗೆದುಕೊಳ್ಳಬಾರದು. ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಅದೇ ದಿನ ಬರಬೇಕು. ತಾನಾಗಿ ಕಡಿಮೆಯಾಯಿತೆಂದು ಗುಳಿಗೆ ಬಿಡಬಾರದು, ಹೇಗೆ ಬಿಡಬೇಕೆಂದು ನಾವೇ ಹೇಳುತ್ತೇವೆ ಎಂದರು. ಕೊನೆಗೆ ಬೇಗಂ ಸಿಸ್ಟರು ಅಂಬವ್ವನ ಗದ್ದ ಹಿಡಿದು, “ನಿದ್ದಿಗಣ್ಣಾಗ ಬಟ್ಟಿ ಒಗಿಯಾಕ ಕಾಲುವಿ ಮೆಟ್ಟಲ ಇಳೀಬ್ಯಾಡ ಮಗಳ. ಆ ಕೆಲಸ ನಿಮ್ಮತ್ತಿಗಿ ಹಚ್ಚು, ಪಾಪ ಮಾಡ್ಯಾಳ, ತೊಳಕೊಳ್ಳಲಿ,” ಎಂದರು.

ಮಸ್ತಾನಸಾಬನ ಟಂಟಂನಲ್ಲೇ ಹೊರಟೆವು. ಕಾಲುವೆ ಏರಿಯ ಮೇಲೆ ಅವನು ಗಾಡಿ ನಿಲ್ಲಿಸಿ ಇಂಜಿನ್ನಿಗೆ ನೀರು ತರಲು ಇಳಿದ. ಎರಡೂ ಕಡೆ ಹೊಸ ನಾಟಿಯ ಭತ್ತ. ಯಾರದೋ ಗದ್ದೆಯಿಂದ ಎಣ್ಣೆ ಹೊಡೆದ ವಾಸನೆ ಬಂತು. ನಾನು ಗಾಬರಿಯಿಂದ ಅಂಬವ್ವನ ಮುಖ ನೋಡಿದೆ. ಅವಳು ಸೆರಗು ಮೂಗಿಗೆ ಹಿಡಿದು ನಗುತ್ತಿದ್ದಳು.

“ಅತ್ತಿ, ಒಂದು ಮಾತು ಹೇಳ್ತೀನಿ. ಬೈಬಾರದು.”

“ಬೈಯಾಕ ನನಗ ಬಾಯೆಲ್ಲಿ ಉಳದದ? ಹೇಳು.”

“ನೀವು ಗುಳಿಗಿ ಅರ್ಧ ಮಾಡೂದು ನನಗ ಗೊತ್ತಿತ್ರಿ. ಅಡಕತ್ತರಿ ಸಪ್ಪಳ ಕೇಳ್ತಿತ್ತು.” ಅವಳು ಕಾಲುವೆಯ ನೀರು ನೋಡುತ್ತಾ ಹೇಳಿದಳು. “ಆ ಅರ್ಧಾನೂ ನಾ ಕುಡದಿಲ್ರಿ. ಹಿತ್ತಲದಾಗ ಹೋಗಿ ತಿಪ್ಪಿಗಿ ಚೆಲ್ತಿದ್ದೆ. ದಿನಾ.”

ನಾನು ಅವಳನ್ನೇ ನೋಡಿದೆ. “ಯಾಕ?”

“ಯಾಕಂದ್ರ ಏನು ಹೇಳಲ್ರಿ? ಆ ಮರಿಗಳನ್ನ ಮಣ್ಣು ಮಾಡಿದಾಕಿ ನಾನಲ್ಲೇನ್ರಿ?”

ಆಗ ನೆನಪಾಯಿತು. ಹೌದು, ಅವಳೇ. ಬುಟ್ಟಿ, ಸಲಿಕೆ ಅವಳ ಕೈಗೆ ಕೊಟ್ಟು ಕಳಿಸಿದವಳು ನಾನು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ಕೈಯ ಹಸಿರು ಬಳೆ ಇನ್ನೂ ಹೊಸದು. ತಿರುಚಿದ ಕಾಲಿನ ನಾಲ್ಕು ಮರಿಗಳನ್ನು ಆ ಹುಡುಗಿ ಒಬ್ಬಳೇ ಬೇವಿನ ಗಿಡದ ಕೆಳಗೆ ತೋಡಿ ಹೂತಿದ್ದಳು. ಬಂದು ಕೈ ತೊಳೆದು ರೊಟ್ಟಿ ಬಡಿದಿದ್ದಳು. ಹೇಗನ್ನಿಸಿತು ಎಂದು ನಾನು ಕೇಳಿರಲಿಲ್ಲ. ಇಷ್ಟು ವರ್ಷ ಹೆದರಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ. ಒಂದೇ ಸೂರಿನ ಕೆಳಗೆ ಇಬ್ಬರು, ಒಂದೇ ಹೆದರಿಕೆ, ನಾನು ಅವಳಿಂದ ಬಚ್ಚಿಟ್ಟೆ, ಅವಳು ನನ್ನಿಂದ ಬಚ್ಚಿಟ್ಟಳು. ನಡುವೆ ಕೂಸು ಹೋಗುವುದರಲ್ಲಿತ್ತು.

“ನನಗ ಹೇಳಬಾರದಾಗಿತ್ತೇನ ಹುಚ್ಚಿ?” ಎಂದೆ.

“ನೀವೂ ಹೇಳಬಹುದಾಗಿತ್ತಲ್ರಿ.”

ಸುಮ್ಮನಾದೆ. ನನ್ನನ್ನು ಸುಮ್ಮನಾಗಿಸಿದವರು ಊರಲ್ಲಿ ಈವರೆಗೆ ಯಾರೂ ಇರಲಿಲ್ಲ. ಅವಳ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡೆ. ಮಸ್ತಾನಸಾಬ ನೀರು ತಂದವನು ನಮ್ಮಿಬ್ಬರನ್ನು ನೋಡಿ, ಏನಾಯಿತೆಂದು ಗಾಬರಿಯಾಗಿ, “ಮತ್ತ ದವಾಖಾನಿಗಿ ತಿರುವಲೇನ್ರಿ?” ಎಂದ. ಅತ್ತೆ ಸೊಸೆ ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತಾ ನಗತೊಡಗಿದೆವು. ಅವನು ತಲೆ ಕೆರೆದುಕೊಂಡು ಗಾಡಿ ಚಾಲು ಮಾಡಿದ.

ಆ ಸಂಜೆ ಹುಲಗಪ್ಪನಿಗೆ ಫೋನಿನಲ್ಲಿ ಎಲ್ಲವನ್ನೂ ನಾನೇ ಹೇಳಿದೆ, ಅರ್ಧವನ್ನಲ್ಲ. “ಈಗ ಉಣ್ಣಾಕತ್ತಾಳೇನ?” ಎಂದು ಕೇಳಿದ. “ನನ್ನ ಪಾಲಿಂದೂ ಉಣ್ಣಾಕತ್ತಾಳ,” ಎಂದೆ. ಅವನು ನಕ್ಕದ್ದು ಕೇಳಿಸಿತು. ಅವನ ಹಿಂದೆ ಕುರಿಗಳು ಕೂಗುತ್ತಿದ್ದವು.

ಮಲಗುವ ಹೊತ್ತಾಯಿತು. ಚೀಟಿನಿಂದ ಎರಡು ಗುಳಿಗೆ ಒಡೆದು, ದೀಪಕ್ಕೆ ಹಿಡಿದು ಇಡಿಯಾಗಿವೆ ಎಂದು ತೋರಿಸಿ ಅಂಬವ್ವನ ಅಂಗೈಗೆ ಹಾಕಿದೆ.

“ನನ್ನ ಮುಂದನ ನುಂಗಬೇಕು. ಹಿತ್ತಲ ಇಲ್ಲ, ಗಾಳಿ ಇಲ್ಲ. ನುಂಗಿ ನಾಲಿಗಿ ಎತ್ತಿ ತೋರಿಸು.”

ಅವಳು ಅಂಗೈ ಮುಚ್ಚಿಕೊಂಡಳು. “ಮೊದಲ ನೀವು ಚಂಚಿ ತೋರಸ್ರಿ.”

ಎಲಾ ಇವಳ! ಸೊಂಟದಿಂದ ಚಂಚಿ ತೆಗೆದು ಅವಳ ಮುಂದೆ ಕೊಡವಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ ಬಿದ್ದವು. ಅವಳು ಒಂದೊಂದನ್ನೂ ಮುಟ್ಟಿ ನೋಡಿ, ಅಡಕತ್ತರಿಯನ್ನು ಎತ್ತಿ ತನ್ನ ದಿಂಬಿನ ಕೆಳಗಿಟ್ಟುಕೊಂಡಳು. ಆಮೇಲೆ ಎರಡೂ ಗುಳಿಗೆಯನ್ನು ನುಂಗಿ, ನೀರು ಕುಡಿದು, ನಾಲಿಗೆ ಎತ್ತಿ ತೋರಿಸಿದಳು. ಕೂಸು ಹುಟ್ಟುವವರೆಗೆ ನಾನು ಅಡಿಕೆಯನ್ನು ಹಲ್ಲಿನಲ್ಲೇ ಕಡಿದೆ.